ಸದ್ದಿಲ್ಲದ ಗಾಡಿ

ಕಿವಿಮೇಸ್ತ್ರಿಯ ಮಗಳಿಗೆ ಒಂದು ಕಾರು ಬೇಕಾಗಿತ್ತು. ದೊಡ್ಡದಲ್ಲ, ಹೊಸದೂ ಅಲ್ಲ. ಊರೊಳಗಿನ ಸಂದಿಗೊಂದಿಗಳಲ್ಲಿ ತಿರುಗುವಷ್ಟು ಚಿಕ್ಕದು, ಬೆಳಿಗ್ಗೆ ಕೀಲಿ ತಿರುವಿದರೆ ತಕರಾರಿಲ್ಲದೆ ಹೊರಡುವಂಥದು. ಅವಳು ನರ್ಸು. ಆಸ್ಪತ್ರೆಯ ಪಾಳಿ ಬಿಟ್ಟು, ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಆರೈಕೆ ಮಾಡುವ ಒಂದು ಸಂಸ್ಥೆ ಸೇರಿದ್ದಳು. ಗಾಯಕ್ಕೆ ಪಟ್ಟಿ ಕಟ್ಟುವುದು, ಇಂಜೆಕ್ಷನ್ ಕೊಡುವುದು, ಮಲಗಿ ಮಲಗಿ ಬೆನ್ನು ಹುಣ್ಣಾದವರನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಇಂಥ ಕೆಲಸ. ಷರತ್ತು ಒಂದೇ: ಸ್ವಂತ ಗಾಡಿ ಇರಬೇಕು, ಹೇಳಿದ ಹೊತ್ತಿಗೆ ಹೇಳಿದ ಮನೆಯಲ್ಲಿರಬೇಕು. ಸದ್ಯಕ್ಕೆ ಬಸ್ಸಿನಲ್ಲೇ ಏದುಸಿರು ಬಿಡುತ್ತ ಓಡಾಡುತ್ತಿದ್ದಳು. ಮೇಲ್ವಿಚಾರಕಿ ಆಗಲೇ ಎರಡು ಸಲ ನಗುನಗುತ್ತ ಕೇಳಿದ್ದಳು, "ಗಾಡಿ ಎಲ್ಲಿವರೆಗೆ ಬಂತಮ್ಮ?" ಮೂರನೇ ಸಲ ಕೇಳುವಾಗ ನಗು ಇರುವುದಿಲ್ಲವೆಂದು ಮಗಳಿಗೆ ಗೊತ್ತಿತ್ತು.

ದುಡ್ಡು ಅಪ್ಪ ಕೊಡುವವನಿದ್ದ. "ನಿನ್ನ ಗಾಡಿಗೆ ನನ್ನ ದುಡ್ಡು, ನನ್ನ ಕಿವಿ. ಎರಡೂ ಪುಕ್ಕಟೆ," ಎಂದ. ದುಡ್ಡಿನ ಮಾತಿಗೆ ಮಗಳ ಕಣ್ಣಲ್ಲಿ ನೀರು ಬಂತು. ಕಿವಿಯ ಮಾತಿಗೆ ಎದೆ ಧಸಕ್ಕೆಂದಿತು.

ಕಿವಿಮೇಸ್ತ್ರಿ ಎನ್ನುವುದು ಅಪ್ಪನಿಗೆ ಕಾರ್ಖಾನೆಯಲ್ಲಿ ಬಿದ್ದ ಹೆಸರು. ಸಿದ್ಧ ಉಡುಪಿನ ಕಾರ್ಖಾನೆ. ಒಂದೇ ಸೂರಿನಡಿ ನೂರಾರು ಹೊಲಿಗೆ ಯಂತ್ರ. ಎಲ್ಲ ಒಟ್ಟಿಗೆ ಓಡತೊಡಗಿದರೆ ಪಕ್ಕದವರ ಮಾತು ಹಾಗಿರಲಿ, ತನ್ನ ಯೋಚನೆ ತನಗೇ ಕೇಳಿಸುತ್ತಿರಲಿಲ್ಲ. ಆ ಗದ್ದಲದಲ್ಲಿ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಸಾಲುಗಳ ನಡುವೆ ನಡೆಯುತ್ತಿದ್ದ. ಇದ್ದಕ್ಕಿದ್ದಂತೆ ಯಾರದೋ ಬೆನ್ನ ಹಿಂದೆ ನಿಂತು, "ನಿಲ್ಲಿಸಮ್ಮ, ದಾರದ ಬಾಬಿನ್ ಅಲ್ಲಾಡ್ತಿದೆ," ಎನ್ನುತ್ತಿದ್ದ. ಬಿಚ್ಚಿ ನೋಡಿದರೆ ನಿಜವಾಗಿಯೂ ಅಲ್ಲಾಡುತ್ತಿರುತ್ತಿತ್ತು. ಅನುಮಾನ ಬಂದರೆ ಜೇಬಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಯಂತ್ರದ ಮೈಗೆ ಊರಿ, ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆದ ಮೇಲೆ ಅವನು ಹೇಳಿದ್ದೇ ಕೊನೆಯ ಮಾತು.

ಆ ಕಿವಿಯನ್ನು ಆ ಕಾರ್ಖಾನೆಯೇ ತಿಂದುಹಾಕಿತು. ಒಂದೇ ಸಲಕ್ಕಲ್ಲ, ಇಲಿ ಬಟ್ಟೆ ಕಡಿದ ಹಾಗೆ ಅಂಚಿನಿಂದ ಶುರುಮಾಡಿತು. ದಪ್ಪ ಸದ್ದು ಉಳಿಯಿತು, ಸಣ್ಣ ಸದ್ದು ಹೋಯಿತು. ಬಾಗಿಲು ದಬ್ಬೆಂದರೆ ಅಪ್ಪನಿಗೆ ಕೇಳುತ್ತದೆ, ಕರೆಗಂಟೆ ಕೇಳುವುದಿಲ್ಲ. ಗಂಡಸರ ಮಾತು ತಿಳಿಯುತ್ತದೆ, ಮಕ್ಕಳ ಮಾತು ತಿಳಿಯುವುದಿಲ್ಲ. ಮನೆಯವರು ಯಾರೂ ಹೇಳಿಕೊಡದೆಯೇ ಅವನ ಮುಖಕ್ಕೆ ತಿರುಗಿ, ದನಿ ದಪ್ಪ ಮಾಡಿಕೊಂಡು, ನಿಧಾನವಾಗಿ ಮಾತಾಡಲು ಕಲಿತಿದ್ದರು. ಅಪ್ಪನಿಗೆ ಮಾತ್ರ, ಲೋಕವೇ ಈಚೆಗೆ ಸುಧಾರಿಸಿ ಗಲಾಟೆ ಕಡಿಮೆ ಮಾಡಿಕೊಂಡಿದೆ ಎನ್ನಿಸಿತ್ತು.

ಹೇಳಿದವರೇ ಇಲ್ಲ ಎಂದಲ್ಲ. ಬೇರೆ ಮನೆ ಮಾಡಿಕೊಂಡಿದ್ದ ಅಣ್ಣ ಒಮ್ಮೆ ಊಟಕ್ಕೆ ಕರೆದಾಗ ಬಾಯಿಬಿಟ್ಟಿದ್ದ. "ಅಪ್ಪಾ, ಒಂದ್ಸಲ ಕಿವಿ ಡಾಕ್ಟರಿಗೆ ತೋರಿಸೋಣ." ಅಷ್ಟೇ ಮಾತು. ತಟ್ಟೆ ಸರಿಸಿ ಎದ್ದ ಅಪ್ಪ ಆಮೇಲೆ ಅಣ್ಣನ ಮನೆಯ ಮೆಟ್ಟಿಲು ಹತ್ತಲಿಲ್ಲ. ಕಾರ್ಖಾನೆಯವರು ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ಅವನನ್ನು ಯಂತ್ರಗಳ ಹತ್ತಿರದಿಂದ ಎಬ್ಬಿಸಿ ಉಗ್ರಾಣದಲ್ಲಿ ಕೂರಿಸಿದಾಗಲೂ, "ಅಲ್ಲಿಗೆ ನಂಬಿಕಸ್ಥರು ಬೇಕಂತೆ," ಎಂದು ಮೀಸೆ ತಿರುವಿದ. ಅಮ್ಮ, ಮಗಳು ಇಬ್ಬರೂ ಹೌದು ಹೌದು ಎಂದರು. ಇದು ಪ್ರೀತಿಯೋ ಹೇಡಿತನವೋ, ಆ ಮನೆಯಲ್ಲಿ ಯಾರೂ ಬಿಡಿಸಿ ನೋಡಲು ಹೋಗಲಿಲ್ಲ.

ಒಂದು ಸಂಜೆ ಜಗಲಿಯಲ್ಲಿ ಕೂತು ಅಪ್ಪ ಮಗಳಿಗೆ ಹೇಳಿದ, "ನಿಮ್ಮಮ್ಮ ಈಗೀಗ ಹಾಡೋದನ್ನೇ ಬಿಟ್ಟಿದ್ದಾಳೆ ಕಣೇ. ಮೊದಲು ಪಾತ್ರೆ ತೊಳೀತಾ ಏನಾದ್ರೂ ಗುನುಗ್ತಿದ್ಲು. ನಾನು ದಿನವಿಡೀ ಮನೇಲಿರೋದು ಅವಳಿಗೆ ಸರಿಬರ್ತಿಲ್ಲ ಅಂತ ಕಾಣತ್ತೆ."

ಅಪ್ಪ ಈ ಮಾತು ಹೇಳುತ್ತಿರುವಾಗಲೇ ಒಳಗಿನಿಂದ ನೀರಿನ ಸದ್ದಿನ ಜೊತೆ ಅಮ್ಮನ ಸಣ್ಣ ದನಿ ತೇಲಿಬರುತ್ತಿತ್ತು. ಅದೇ ಹಳೇ ಹಾಡು. ಮಗಳು ಎರಡನ್ನೂ ಕೇಳಿಸಿಕೊಂಡು, "ಹಾಗೇನಿಲ್ಲ ಬಿಡಪ್ಪಾ," ಎಂದಳು.

ಇಂಥ ಅಪ್ಪನ ಜೊತೆ ಅವಳು ಹಳೇ ಕಾರು ನೋಡಲು ಹೊರಟಳು.

ಮೊದಲು ನೋಡಿದ್ದು ಒಂದು ಕೆಂಪು ಕಾರು. ನಿವೃತ್ತ ಟೀಚರೊಬ್ಬರದು. ಮಾರುಕಟ್ಟೆಗೆ, ಗ್ರಂಥಾಲಯಕ್ಕೆ, ತಂಗಿಯ ಮನೆಗೆ ಬಿಟ್ಟರೆ ಬೇರೆಲ್ಲೂ ಓಡಿಸಿದ್ದಿಲ್ಲ. ಆಯಿಲ್ ಬದಲಿಸಿದ್ದು, ಬ್ರೇಕ್ ನೋಡಿಸಿದ್ದು, ಎಲ್ಲದಕ್ಕೂ ರಸೀದಿ ಇಟ್ಟಿದ್ದರು. ಸೀಟಿನ ಮೇಲೆ ತಾವೇ ಹೊಲಿದ ಹೂವಿನ ಕವರು. ಮಗಳು ಒಂದು ಸುತ್ತು ಓಡಿಸಿ ಬಂದಳು. ಗೇರು ಕೈಗೆ ತಾನಾಗಿ ಬಂದು ಕೂತಂತಿತ್ತು. ಇದೇ ಸರಿ ಎಂದು ಮನಸ್ಸು ಗಟ್ಟಿಯಾಗಿ ಹೇಳಿತು.

ಅಪ್ಪ ಬಾನೆಟ್ ಎತ್ತಿಸಿ ಸ್ಕ್ರೂಡ್ರೈವರ್ ಊರಿದ. ಕಣ್ಣು ಮುಚ್ಚಿದ. ಊಹೂಂ ಎಂದು ತಲೆಯಾಡಿಸಿದ.

"ಗುಂಯ್ ಅಂತಿದೆ. ಒಳಗೆ ಏನೋ ಸತ್ತುಬಿದ್ದಿದೆ."

ಟೀಚರು ಗಾಬರಿಯಾದರು. "ಅದು ಸೈಲೆನ್ಸರ್ ಅಲ್ವಾ? ಕೆಳಗಿನ ರಬ್ಬರ್ ಸಡಿಲ ಆಗಿದೆ ಅಂದ್ರು ಗ್ಯಾರೇಜಿನವರು. ನಾಳೆನೇ ಹಾಕಿಸಿಕೊಡ್ತೀನಿ."

ಅಪ್ಪ ನಕ್ಕು ಕೈಮುಗಿದು ಹೊರಟೇಬಿಟ್ಟ. ದಾರಿಯಲ್ಲಿ, "ಮಾರೋರೆಲ್ಲ ಹಾಗೇ ಹೇಳೋದು. ಪಾಪ, ಒಳ್ಳೇ ಹೆಂಗಸು, ಆದ್ರೆ ಗಾಡಿ ಹೋಗಿದೆ," ಎಂದ. ಅವನಿಗೆ ದಪ್ಪ ಸದ್ದು ಮಾತ್ರ ಉಳಿದಿತ್ತಲ್ಲ, ಆ ಬಡಪಾಯಿ ರಬ್ಬರಿನ ಗುಂಯ್‌ಗುಡುವಿಕೆ ಗುಡುಗಿನಂತೆ ಕೇಳಿಸಿತ್ತು.

"ಅಪ್ಪಾ, ಯಾವುದಕ್ಕೂ ಒಬ್ಬ ಮೆಕ್ಯಾನಿಕ್ ಕರ್ಕೊಂಡು ಬಂದು ತೋರಿಸೋಣ್ವಾ?" ಎಂದಳು ಮಗಳು, ಅವನ ಮುಖಕ್ಕೆ ತಿರುಗಿ.

"ಯಾಕೆ? ನಾನು ಸತ್ತಿದ್ದೀನಾ?"

ಅಲ್ಲಿಗೆ ಆ ಮಾತು ಮುಗಿಯಿತು. ಮಾರನೇ ದಿನ ಅವಳು ಒಬ್ಬ ರೋಗಿಯ ಮನೆಯ ಮೆಟ್ಟಿಲ ಮೇಲೆ ನಿಂತು, ಅಪ್ಪನಿಗೆ ತಿಳಿಯದ ಹಾಗೆ ಟೀಚರಿಗೆ ಫೋನ್ ಮಾಡಿದಳು. "ಅಯ್ಯೋ ಮಗು, ಬೆಳಿಗ್ಗೆನೇ ಯಾರೋ ಗಂಡ ಹೆಂಡತಿ ಬಂದು ಅಡ್ವಾನ್ಸ್ ಕೊಟ್ಟುಹೋದ್ರು. ನೀನು ಬರ್ತೀಯ ಅಂತ ಸ್ವಲ್ಪ ಕಾದೆ ಕೂಡ," ಎಂದರು ಅವರು. ಮಗಳಿಗೆ ಕೈಗೆ ಬಂದದ್ದು ಜಾರಿಹೋದಂತಾಯಿತು. ಅದೇ ವಾರ ಮೇಲ್ವಿಚಾರಕಿ ಮೂರನೇ ಸಲ ಕೇಳಿದಳು. ನಗಲಿಲ್ಲ.

ಹೀಗೆ ಅವರು ದಲ್ಲಾಳಿ ಅತ್ತರಿನ ಶೆಡ್ಡಿಗೆ ಬಂದರು. ಅವನು ಮಾರುವ ಪ್ರತಿ ಹಳೇ ಕಾರಿಗೂ ಒಳಗೆಲ್ಲ ಅತ್ತರು ಹೊಡೆಯುತ್ತಿದ್ದ. ಹಳೇ ಮಾಲೀಕರ ಬೆವರು, ನಾಯಿ, ಸಿಗರೇಟು ಎಲ್ಲವನ್ನೂ ಆ ಒಂದು ವಾಸನೆ ಮುಚ್ಚಬೇಕು. ಅದರಿಂದ ಊರಿಗೆಲ್ಲ ಅವನು ಅತ್ತರು ಎಂದೇ ಪರಿಚಯ. ತೋರಿಸಿದ್ದು ಬೂದು ಬಣ್ಣದ ಒಂದು ಪುಟ್ಟ ಕಾರು. ಹೊಳೆಯುತ್ತಿತ್ತು. ಮಗಳು ಸ್ಟೀರಿಂಗ್ ಹಿಡಿದಳು, ಅಪ್ಪ ಪಕ್ಕದಲ್ಲಿ ಕೂತ, ಅತ್ತರು ಹಿಂದಿನ ಸೀಟಿನಲ್ಲಿ. ಕೀಲಿ ತಿರುವುವ ಮೊದಲೇ ಅವನು ಮುಂದಕ್ಕೆ ಬಾಗಿ ರೇಡಿಯೋ ಹಾಕಿ ದನಿ ಏರಿಸಿದ.

"ಒಳ್ಳೇ ಸ್ಪೀಕರ್ರು ಮೇಡಂ. ಹಾಡು ಕೇಳ್ತಾ ಹೋದ್ರೆ ದಾರಿ ಸವೆದದ್ದೇ ಗೊತ್ತಾಗಲ್ಲ."

ದೊಡ್ಡ ರಸ್ತೆಗೆ ಬಂದಮೇಲೆ ಅಪ್ಪ ಕೈಚಾಚಿ ರೇಡಿಯೋ ಆರಿಸಿದ. "ಹಾಡು ಆಮೇಲೆ. ಈಗ ನನ್ನ ಕಿವಿ ಕೆಲಸ ಮಾಡ್ಬೇಕು."

ರೇಡಿಯೋ ನಿಂತದ್ದೇ ತಡ, ಕಾರಿನ ತುಂಬ ಒಂದು ಕೂಗು ತುಂಬಿಕೊಂಡಿತು. ಕೀಂ ಎಂದು ಸಣ್ಣಗೆ, ಎಡೆಬಿಡದೆ. ಹಸಿದ ಮಗು ಅತ್ತು ಅತ್ತು ಸುಸ್ತಾದ ಮೇಲೆ ಎಳೆಯುವ ರಾಗದಂಥದು. ಮಗಳು ಕ್ಲಚ್ ಒತ್ತಿದಳು, ಕೂಗು ನಿಂತಿತು. ಬಿಟ್ಟಳು, ಮತ್ತೆ ಹಿಡಿಯಿತು. ಗೇರ್‌ಬಾಕ್ಸಿನ ವಿಷಯ ಏನೂ ತಿಳಿಯದ ಅವಳಿಗೂ ಇದು ಕೆಟ್ಟ ಲಕ್ಷಣವೆಂದು ತಿಳಿಯಿತು. ಕನ್ನಡಿಯಲ್ಲಿ ನೋಡಿದಳು. ಅತ್ತರು ಕಳ್ಳತನ ಸಿಕ್ಕಿಬಿದ್ದವನಂತೆ ಹಣೆ ಒರೆಸಿಕೊಳ್ಳುತ್ತಿದ್ದ.

ಅಪ್ಪ ಕಣ್ಣು ಮುಚ್ಚಿ, ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಕೂತಿದ್ದ. ನಿಧಾನಕ್ಕೆ ಅವನ ಮುಖದ ಮೇಲೆ ನಗು ಹರಡಿತು.

"ಆಹಾ," ಎಂದ. "ಕೇಳು. ಸದ್ದೇ ಇಲ್ಲ!"

ಕನ್ನಡಿಯಲ್ಲಿ ಅತ್ತರಿನ ಕೈ ಹಣೆಯ ಮೇಲೆಯೇ ನಿಂತುಹೋಯಿತು. ಅವನು ಅಪ್ಪನ ಹಿಂದಲೆಯನ್ನು ನೋಡಿದ, ಆಮೇಲೆ ಕನ್ನಡಿಯಲ್ಲಿ ಮಗಳನ್ನು ನೋಡಿದ. ಮಗಳು ರಸ್ತೆಯ ಕಡೆಗೆ ಕಣ್ಣು ತಿರುಗಿಸಿದಳು. ಅವಳ ಕಿವಿಯೆಲ್ಲ ಬಿಸಿಯಾಗಿತ್ತು.

ಶೆಡ್ಡಿಗೆ ಮರಳಿದ ಮೇಲೆ ಅಪ್ಪ ಡಿಕ್ಕಿ ತೆಗೆದು ಸ್ಟೆಪ್ನಿ ನೋಡಲು ಹೋದ. ಅತ್ತರು ಅವಳ ಪಕ್ಕಕ್ಕೆ ಬಂದು ನಿಂತ.

"ಮೇಡಂ, ಯಜಮಾನ್ರಿಗೆ ಕಿವಿ..."

"ಹೂಂ."

"ನಾನೇನು ಸತ್ಯವಂತ ಅಂತ ಹೇಳ್ಕೊಳ್ಳಲ್ಲ. ಆದ್ರೆ ರೇಡಿಯೋ ಆಟ ಆಡೋದು ಕಿವಿ ಇರೋರ ಜೊತೆ. ಇದ್ಯಾಕೋ ನನಗೆ ಸರಿಬರ್ತಿಲ್ಲ. ನೀವೇ ಒಂದ್ಮಾತು ಹೇಳಿಬಿಡಿ ಅವರಿಗೆ."

"ನೀವೇ ಹೇಳಿ. ಗಾಡಿ ನಿಮ್ಮದು."

"ನಾನಾ? ಮಾರೋನು ನಾನು ಮೇಡಂ! ನನ್ನ ಅನ್ನಕ್ಕೆ ನಾನೇ ಮಣ್ಣು ಹಾಕ್ಕೊಳ್ಲಾ?"

ಇಬ್ಬರೂ ಹೀಗೆ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಅಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಅವನ ನಡಿಗೆಯಲ್ಲಿ ಹಳೇ ಠೀವಿ ಇತ್ತು. ಕಾರ್ಖಾನೆಯ ಸಾಲುಗಳ ನಡುವೆ ನಡೆಯುತ್ತಿದ್ದ ಅಪ್ಪನನ್ನು ಚಿಕ್ಕವಳಿದ್ದಾಗ ಅವಳು ಗೇಟಿನ ಹೊರಗಿನಿಂದ ನೋಡಿದ್ದಳು, ಅದೇ ನಡಿಗೆ. ಎಷ್ಟೋ ಕಾಲದ ಮೇಲೆ ಅವನು ಏನನ್ನೋ ಪತ್ತೆಹಚ್ಚಿದ್ದ.

"ನೀನು ಹೇಳು ಮಗಳೇ," ಎಂದ. "ನಿಂದೂ ನನ್ನ ಕಿವಿಯೇ ತಾನೆ. ಏನನ್ನತ್ತೆ?"

ಅತ್ತರು ನೆಲ ನೋಡುತ್ತ ಕಾಲಿನಿಂದ ಒಂದು ಬೋಲ್ಟನ್ನು ಆಚೆ ಈಚೆ ಉರುಳಿಸಿದ. ಮಗಳು ಬಾಯಿ ತೆರೆದಳು. ಅಣ್ಣನ ಮನೆಯಲ್ಲಿ ಅರ್ಧ ತಿಂದು ಸರಿಸಿದ ತಟ್ಟೆ ಕಣ್ಣ ಮುಂದೆ ಬಂತು.

"ಚೆನ್ನಾಗಿದೆ ಅಪ್ಪಾ," ಎಂದಳು.

ಅಪ್ಪ ಚೌಕಾಸಿಗೆ ನಿಂತ. ಅತ್ತರು ಒಂದು ಸಲ ಇಳಿಸಿದ, ಕೇಳುವ ಮೊದಲೇ ಇನ್ನೊಂದು ಸಲ ಇಳಿಸಿದ, ಆಮೇಲೆ ಟಯರೆರಡು ಹೊಸದು ಹಾಕಿಸಿಕೊಡುತ್ತೇನೆ ಎಂದ. ಅಪ್ಪ ದುಡ್ಡು ಎಣಿಸಿಕೊಟ್ಟು, ಅದೇ ಗಾಡಿಯಲ್ಲಿ ಮನೆಗೆ ಬರುತ್ತ ದಾರಿಯುದ್ದಕ್ಕೂ ಅದನ್ನೇ ಹೇಳಿದ. "ನೋಡಿದ್ಯಾ ಹೇಗೆ ಬಗ್ಗಿದ? ಮಾತಾಡೋಕೆ ಬರ್ಬೇಕು." ಕಾರು ಕೀಂಗುಟ್ಟುತ್ತಿತ್ತು. ಮಗಳು ಹೂಂಗುಟ್ಟುತ್ತಿದ್ದಳು.

ಮನೆಯ ತಿರುವು ಬರುವಷ್ಟರಲ್ಲೇ ಅಮ್ಮ ಗೇಟು ತೆಗೆದು ನಿಂತಿದ್ದಳು. ಅಪ್ಪ ಒಳಗೆ ಹೋದಮೇಲೆ ಮಗಳ ಕೈ ಹಿಡಿದು, "ಬೀದಿ ತುದಿಯಿಂದಲೇ ಕೇಳಿಸ್ತಲ್ಲೇ. ಏನು ಮಾಡ್ಕೊಂಡು ಬಂದ್ರಿ?" ಎಂದಳು. ಮಗಳು ಕೈ ಬಿಡಿಸಿಕೊಂಡು ಗೇಟು ಮುಚ್ಚಲು ಹೋದಳು. ಅಮ್ಮನೂ ಮತ್ತೆ ಕೇಳಲಿಲ್ಲ. ಆ ಮನೆಯಲ್ಲಿ ಎಲ್ಲವೂ ಹೀಗೆಯೇ ತೀರ್ಮಾನವಾಗುತ್ತಿತ್ತು.

ಕೆಲವು ವಾರ ಗಾಡಿ ಓಡಿತು. ಅಪ್ಪ ದಿನಾ ಬೆಳಿಗ್ಗೆ ಅದನ್ನು ಒರೆಸಿ, ಬಾನೆಟ್ಟಿನ ಮೇಲೆ ಕೈಯಾಡಿಸಿ ಕಳಿಸುತ್ತಿದ್ದ. ಮಗಳು ಒಮ್ಮೆ ಗುಟ್ಟಾಗಿ ಗ್ಯಾರೇಜಿಗೆ ಹೋಗಿ ಕೇಳಿದಳು. ಗೇರ್‌ಬಾಕ್ಸ್ ಇಳಿಸಬೇಕು, ಗಾಡಿ ಬಿಟ್ಟುಹೋಗಿ ಎಂದರು. ಗಾಡಿ ಬಿಟ್ಟರೆ ರೋಗಿಗಳ ಮನೆಗೆ ಹೋಗುವುದು ಹೇಗೆ, ಅಪ್ಪನಿಗೆ ಏನೆಂದು ಹೇಳುವುದು? ಗಾಡಿ ತಿರುಗಿಸಿಕೊಂಡು ವಾಪಸು ಬಂದಳು. ಕೂಗು ದಿನದಿನಕ್ಕೆ ಬೆಳೆಯಿತು. ರೋಗಿಗಳ ಮನೆಯವರು ಕರೆಗಂಟೆ ಒತ್ತುವ ಮೊದಲೇ ಬಾಗಿಲು ತೆಗೆಯತೊಡಗಿದರು. ಅವಳೂ ಅವರ ಜೊತೆ ಸೇರಿ ನಗುತ್ತಿದ್ದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಮೇಲ್ಸೇತುವೆಯ ನಡುಮಧ್ಯೆ ಕೂಗು ನಿಂತಿತು. ಒಂದು ಕಟಕಟ ಸದ್ದು, ಆಮೇಲೆ ಒಂದು ಕುಲುಕು. ಗೇರು ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದವು. ಆ ಹೊತ್ತಿಗೆ ಅವಳು ಒಬ್ಬ ಮುದುಕನಿಗೆ ಇನ್ಸುಲಿನ್ ಕೊಡಬೇಕಿತ್ತು. ಮುದುಕನ ಸೊಸೆ ಮೇಲಿಂದ ಮೇಲೆ ಫೋನ್ ಮಾಡಿದಳು; ಮೊದಲು ಆತಂಕದಿಂದ, ಆಮೇಲೆ ಸಿಟ್ಟಿನಿಂದ. ಕೊನೆಗೆ ಬಂದದ್ದು ಮೇಲ್ವಿಚಾರಕಿಯ ಕರೆ. "ಅಲ್ಲಿಗೆ ಬೇರೆಯವರನ್ನ ಕಳಿಸಿದ್ದೀನಿ. ನಿನ್ನ ಮನೆಗಳನ್ನೆಲ್ಲ ಅವರೇ ನೋಡ್ಕೋತಾರೆ. ಗಾಡಿ ಸರಿಹೋದ್ಮೇಲೆ ಬಾ, ನೋಡೋಣ." ನೋಡೋಣ ಎಂದರೆ ಇಲ್ಲ ಎಂದೇ ಅರ್ಥವೆಂದು ತಿಳಿಯಲು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸೇತುವೆಯ ಕಟ್ಟೆಗೆ ಒರಗಿ, ಎಳೆಯುವ ಲಾರಿ ಬರುವವರೆಗೂ ಅತ್ತಳು.

ಅಪ್ಪ ಗ್ಯಾರೇಜಿಗೆ ಓಡೋಡಿ ಬಂದ. ಸ್ಕ್ರೂಡ್ರೈವರ್ ಜೇಬಿನಲ್ಲೇ ಇತ್ತು. ಗೇರ್‌ಬಾಕ್ಸನ್ನು ಇಳಿಸಿ ಮೇಜಿನ ಮೇಲೆ ಬಿಚ್ಚಿಟ್ಟಿದ್ದರು. ಗ್ಯಾರೇಜಿನವನು ದಪ್ಪ ಗಂಟಲಿನ ಆಳು. ಅವನ ಒಂದೊಂದು ಮಾತೂ ಅಪ್ಪನಿಗೆ ಚೆನ್ನಾಗಿ ಕೇಳಿಸಿತು.

"ಇದು ನಿನ್ನೆ ಮೊನ್ನೆಯ ರೋಗ ಅಲ್ಲ ಯಜಮಾನ್ರೇ. ತಿಂಗಳುಗಟ್ಟಲೆ ಕೂಗ್ಕೊಂಡಿರತ್ತೆ. ಕಿವುಡನಿಗೂ ಕೇಳ್ಬೇಕು, ಅಷ್ಟು ಜೋರಾಗಿ. ಮನೇಲಿ ಯಾರೂ ಗಮನಿಸ್ಲಿಲ್ವಾ?"

"ಸದ್ದೇ ಇರ್ಲಿಲ್ಲ," ಎಂದ ಅಪ್ಪ. "ನಾನೇ ನೋಡಿ ತಗೊಂಡದ್ದು."

ಗ್ಯಾರೇಜಿನವನು ಎಣ್ಣೆಯಲ್ಲಿ ಕಪ್ಪಾದ ಒಂದು ಬೇರಿಂಗನ್ನು ಎತ್ತಿ, ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಹಲ್ಲು ಜುಮ್ಮೆನ್ನುವ ಹಾಗೆ ಅದು ಕಿರುಗುಟ್ಟಿತು. ಮಗಳು ಮುಖ ಕಿವುಚಿದಳು. ಅಪ್ಪ ಅವಳ ಮುಖ ನೋಡಿದ. ಬೇರಿಂಗನ್ನು ತನ್ನ ಕೈಗೆ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು, ನಿಧಾನವಾಗಿ ತಿರುಗಿಸಿದ. ಬೆರಳಿಗೆ ಅದರ ಕೆರೆತ ಸಿಕ್ಕಿರಬೇಕು, ಏಕೆಂದರೆ ಹುಬ್ಬು ಗಂಟಾಯಿತು. ಇನ್ನೊಂದು ಕಿವಿಗೆ ಹಿಡಿದು ತಿರುಗಿಸಿದ. ಮತ್ತೆ ಮೊದಲನೇ ಕಿವಿಗೆ. ಬೆರಳು ಹೇಳುತ್ತಿದ್ದುದನ್ನು ಕಿವಿ ಹೇಳುತ್ತಿರಲಿಲ್ಲ. ಗ್ಯಾರೇಜಿನವನಿಗೆ ಆಗ ಅರ್ಥವಾಗಿ, ಬೇರೆ ಕೆಲಸವಿದ್ದವನಂತೆ ಆಚೆ ಹೋದ.

"ನಿನಗೆ ಕೇಳಿಸ್ತಿತ್ತಾ?" ಎಂದ ಅಪ್ಪ.

ಮಗಳು ಹೌದೆಂದು ತಲೆಯಾಡಿಸಿದಳು.

"ಮೊದಲನೇ ದಿನದಿಂದ?"

"ಹೂಂ."

"ಆ ಅತ್ತರಿಗೂ ಗೊತ್ತಿತ್ತು." ಇದನ್ನು ಅವನು ಕೇಳಲಿಲ್ಲ, ತನಗೆ ತಾನೇ ಹೇಳಿಕೊಂಡ. "ಅದಕ್ಕೇ ಅಷ್ಟು ಸುಲಭವಾಗಿ ಇಳಿಸ್ದ."

ಬೈಯಬಹುದಿತ್ತು. ಅವಳು ಅದಕ್ಕೇ ಕಾದಿದ್ದಳು. ಬೈದರೆ ಇಬ್ಬರಿಗೂ ಸ್ವಲ್ಪ ಹಗುರವಾಗುತ್ತಿತ್ತು. ಅಪ್ಪ ಬೇರಿಂಗನ್ನು ಮೇಜಿನ ಮೇಲಿಟ್ಟು, ಬಟ್ಟೆಯ ಚೂರಿನಿಂದ ಬೆರಳೊಂದೊಂದನ್ನೇ ಒರೆಸಿಕೊಂಡು, "ನಿನ್ನ ಕೆಲಸ ನಾನು ತಿಂದೆ," ಎಂದ.

ಬಸ್ಸಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ಮಗಳ ಕಡೆ ತಿರುಗಿ ಕೇಳಿದ, "ಈಗ ಏನೇನು ಕೇಳಿಸ್ತಿದೆ ಹೇಳು."

"ಎಂಜಿನ್ನು."

"ಅದು ನನಗೂ ಕೇಳತ್ತೆ. ಬೇರೆ?"

"ಬ್ರೇಕ್ ಹಾಕಿದಾಗೆಲ್ಲ ಕಿರ್ರ್ ಅನ್ನತ್ತೆ. ಹಿಂದೆ ಒಂದು ಮಗು ಏನೋ ಬೇಕು ಅಂತ ರಚ್ಚೆ ಹಿಡಿದಿದೆ. ಯಾರದೋ ಫೋನು. ಕಂಡಕ್ಟರ್ ಸೀಟಿ."

ಪ್ರತಿಯೊಂದಕ್ಕೂ ಅಪ್ಪ ತಿರುಗಿ ನೋಡಿದ. ಮಗುವನ್ನು, ಫೋನು ಹಿಡಿದವಳನ್ನು, ಕಂಡಕ್ಟರನ ಬಾಯಿಯನ್ನು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ, "ನಿಮ್ಮಮ್ಮ ಹಾಡೋದು ಬಿಟ್ಟಿಲ್ಲ, ಅಲ್ವಾ?"

ಮಗಳು ಅವನ ತೋಳು ಮುಟ್ಟಿ ಮುಖ ತನ್ನ ಕಡೆ ತಿರುಗಿಸಿಕೊಂಡಳು. "ಇಲ್ಲಪ್ಪಾ. ದಿನಾ ಹಾಡ್ತಾಳೆ."

ಮನೆಗೆ ಬಂದಾಗ ಅಮ್ಮ ಇವರಿಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತ. ಮಗಳ ಕಡೆ ತಿರುಗಿ ಹುಬ್ಬೇರಿಸಿದ. ಹೌದು, ಹಾಡುತ್ತಿದ್ದಾಳೆ ಎಂದು ಅವಳು ತಲೆಯಾಡಿಸಿದಳು. ಅಪ್ಪ ಅಮ್ಮನ ಬೆನ್ನನ್ನೇ ನೋಡಿದ.

"ಯಾವುದು?" ಎಂದ. ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡಿದ್ದ, ಆದರೆ ಆ ದನಿಗೆ ಅಮ್ಮ ಬೆಚ್ಚಿ ತಿರುಗಿದಳು, ಹಾಡು ನಿಂತುಹೋಯಿತು.

"ನಿಲ್ಲಿಸ್ಬೇಡ," ಎಂದ ಅಪ್ಪ. "ಹಾಡು."

ಅಮ್ಮ ಮಗಳ ಮುಖ ನೋಡಿದಳು. ನೋಡಿದ್ದೇ ಸಾಕಾಯಿತು, ಒದ್ದೆ ಕೈಯಲ್ಲೇ ಹತ್ತಿರ ಬಂದು ಗಂಡನೆದುರು ನಿಂತಳು. ಅವನ ಮುಖಕ್ಕೆ ಮುಖ ಕೊಟ್ಟು, ಮನೆಯವರೆಲ್ಲ ಅವನೊಡನೆ ಮಾತಾಡುವ ಹಾಗೆ, ದನಿಯನ್ನು ಕೆಳಕ್ಕಿಳಿಸಿ ದಪ್ಪ ಮಾಡಿ ಹಾಡಲು ನೋಡಿದಳು. ಆ ಹಾಡು ಅಷ್ಟು ಕೆಳಗೆ ಬರಲಿಲ್ಲ. ಮತ್ತೆ ಶುರುಮಾಡಿದಳು, ಅರ್ಧಕ್ಕೆ ದನಿ ತಾನಾಗಿ ಮೇಲಕ್ಕೇರಿತು. ಕೊನೆಗೆ ತನ್ನ ಸಣ್ಣ ದನಿಯಲ್ಲೇ ಹಾಡಿದಳು. ಅಪ್ಪ ಅವಳ ತುಟಿಗಳನ್ನೇ ನೋಡುತ್ತ, ಹಾಡು ಮುಗಿಯುವವರೆಗೂ ನಿಂತಿದ್ದ.